ಎದುರು ಕುಳಿತವರ ಹಾಡು: ತುಂಗಭದ್ರಾ ತೀರದ ಜನಪದಗೀತೆಗಳ ಹುಟ್ಟನ್ನು ಕುರಿತು

ಜನಪದಗೀತೆಯ ಕರ್ತೃ ಯಾರು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರಗಳು ಬಂದಿವೆ. ಹೆಸರು ಮರೆತುಹೋದ ಒಬ್ಬ ವ್ಯಕ್ತಿ ಎಂಬುದು ಒಂದು; ಇಡೀ ಸಮುದಾಯವೇ ಎಂಬುದು ಇನ್ನೊಂದು. ಇವೆರಡರ ನಡುವೆ ಮೂರನೆಯದೊಂದು ಉತ್ತರವುಂಟೆಂದೂ, ಉತ್ತರ ಕರ್ನಾಟಕದ ಹಾಡುಗಳ ಮಟ್ಟಿಗಾದರೂ ಅದೇ ಸತ್ಯಕ್ಕೆ ಹೆಚ್ಚು ಹತ್ತಿರವೆಂದೂ ಸೂಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ವ್ಯಕ್ತಿಯೂ ಅಲ್ಲ, ಸಮುದಾಯವೂ ಅಲ್ಲ. ಎದುರುಬದುರು ಕುಳಿತು ಮಾತನಾಡುವ ಇಬ್ಬರು.

ಮುಂಡರಗಿ ತಾಲೂಕಿನ ಕೊರ್ಲಹಳ್ಳಿಯು ತುಂಗಭದ್ರೆಯ ಎಡದಂಡೆಯ ಗ್ರಾಮ. ಆಚೆಯ ದಂಡೆಯು ಹೂವಿನಹಡಗಲಿ ತಾಲೂಕಿಗೆ ಸೇರಿದ್ದು. ಇಂದು ಸೇತುವೆಯ ಮೇಲೆ ಕೆಲವೇ ನಿಮಿಷಗಳಲ್ಲಿ ದಾಟುವ ಈ ಹೊಳೆ ಬ್ರಿಟಿಷರ ಕಾಲದಲ್ಲಿ ಎರಡು ಪ್ರಾಂತಗಳ ಗಡಿಯಾಗಿತ್ತು. ಎಡದಂಡೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ, ಬಲದಂಡೆ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ. ಪೂರ್ವಕ್ಕೆ ಸ್ವಲ್ಪ ದೂರ ಹೋದರೆ ಕೊಪ್ಪಳ, ಅದು ನಿಜಾಮನ ಸೀಮೆ. 1953ರ ಅಕ್ಟೋಬರ್ 1ರಂದು ಬಲದಂಡೆಯೂ, 1956ರ ನವೆಂಬರ್ 1ರಂದು ಉಳಿದೆರಡು ಭಾಗಗಳೂ ಮೈಸೂರು ರಾಜ್ಯವನ್ನು ಸೇರಿದವು. 1997ರಲ್ಲಿ ಗದಗವೂ 2021ರಲ್ಲಿ ವಿಜಯನಗರವೂ ಪ್ರತ್ಯೇಕ ಜಿಲ್ಲೆಗಳಾದ ಮೇಲೆ ಹೊಳೆ ಮತ್ತೆ ಎರಡು ಹೊಸ ಹೆಸರುಗಳ ನಡುವೆ ಹರಿಯುತ್ತಿದೆ. ಈ ಸೀಮೆಯ ಹಳೆಯ ದಫ್ತರಗಳನ್ನು ಅರಸುವವನು ಒಂದು ದಂಡೆಗಾಗಿ ಮುಂಬಯಿಗೂ ಮತ್ತೊಂದು ದಂಡೆಗಾಗಿ ಚೆನ್ನೈಗೂ ಹೋಗಬೇಕಾಗುತ್ತದೆ. ಹಾಡಿಗೆ ಈ ತೊಡಕಿರಲಿಲ್ಲ. ಹೊಳೆಯಾಚೆಯಿಂದ ಸೊಸೆಯಾಗಿ ಬಂದವಳ ಜೊತೆಗೆ ಅವಳ ತವರಿನ ಹಾಡೂ ಬಂದಿತು. ಬಂದ ಮೇಲೆ ಅದು ಮೊದಲು ತಲುಪಿದ್ದು ಬೀಸುಕಲ್ಲಿನ ಆಚೆ ಬದಿಗೆ ಕುಳಿತವಳಿಗೆ.

ಬೀಸುಕಲ್ಲನ್ನು ಕುರಿತು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಜೋಳದ ರೊಟ್ಟಿಯೇ ನಿತ್ಯದ ಊಟವಾಗಿರುವ ಈ ನಾಡಿನಲ್ಲಿ ಹಿಟ್ಟಿನ ಗಿರಣಿ ಬರುವ ಮೊದಲು ನಸುಕಿನಲ್ಲಿಯೇ ಎದ್ದು ಬೀಸುವುದು ಹೆಣ್ಣುಮಕ್ಕಳ ಪಾಲಿನ ತಪ್ಪದ ದುಡಿಮೆ. ಕಲ್ಲು ಭಾರವಾದುದರಿಂದ ಸಾಮಾನ್ಯವಾಗಿ ಇಬ್ಬರು ಎದುರುಬದುರಾಗಿ ಕುಳಿತು ಒಂದೇ ಗೂಟಕ್ಕೆ ಕೈ ಕೊಡುತ್ತಿದ್ದರು. ಆ ಇಬ್ಬರು ಅತ್ತೆ-ಸೊಸೆಯರಾಗಿರಬಹುದು, ನೆಗೆಣ್ಣಿಯರಾಗಿರಬಹುದು, ನೆರೆಮನೆಯ ವಾರಿಗೆಯವರಾಗಿರಬಹುದು. ಅತ್ತೆಯ ಎದುರಿಗೆ ಆಡಲಾಗದ ಮಾತನ್ನು ಗೆಳತಿಯ ಎದುರಿಗೆ ಆಡಬಹುದು. ಬರಿಯ ಮಾತಿನಲ್ಲಿ ಆಡಲಾಗದ್ದನ್ನು ಹಾಡಿನಲ್ಲಿ ಆಡಬಹುದು. ತವರಿನ ಹಂಬಲ, ಬಂಜೆತನದ ನೋವು, ಅಣ್ಣ ಬರಲಿಲ್ಲವೆಂಬ ಮುನಿಸು ಇವೆಲ್ಲ ಮೊದಲು ಸುದ್ದಿ, ಆಮೇಲೆ ಮಾತು, ಕಡೆಗೆ ತ್ರಿಪದಿ.

ತ್ರಿಪದಿಯ ರಚನೆಯೂ ಈ ಊಹೆಗೆ ಅನುಕೂಲವಾಗಿದೆ. ಛಂದಸ್ಸು ಬಹಳ ಹಳೆಯದು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ, ಅಂದರೆ ಸುಮಾರು ಕ್ರಿ. ಶ. 700ರಷ್ಟು ಹಿಂದೆಯೇ, ಅದು ಕಾಣಿಸುತ್ತದೆ. ಬರೆಹದಲ್ಲಿ ಮೂರು ಸಾಲಾದರೂ ಹಾಡುವಾಗ ಎರಡನೆಯ ಸಾಲಿನ ಭಾಗವನ್ನು ಮತ್ತೊಮ್ಮೆ ಎತ್ತಿಕೊಂಡು ಮೂರನೆಯದಕ್ಕೆ ಇಳಿಯುವುದು ವಾಡಿಕೆ. ಈ ಪುನರುಕ್ತಿಯನ್ನು ಲಾಕ್ಷಣಿಕರು ರಾಗದ ಸೌಕರ್ಯವೆಂದು ವಿವರಿಸುವರು. ಇರಬಹುದು. ಆದರೆ ಒಬ್ಬಳು ಎತ್ತಿದ ನುಡಿಯನ್ನು ಇನ್ನೊಬ್ಬಳು ತೆಗೆದುಕೊಳ್ಳುವುದಕ್ಕೂ, ಮೂರನೆಯ ಸಾಲನ್ನು ಆ ಕ್ಷಣದಲ್ಲಿ ಹೊಂದಿಸುವುದಕ್ಕೂ ಇದಕ್ಕಿಂತ ತಕ್ಕ ಬಿಡುವು ಬೇರೊಂದಿಲ್ಲವೆಂಬುದು ನಮ್ಮ ಅಭಿಪ್ರಾಯ. ಹಾಡಿನ ನಡುನಡುವೆ ಬರುವ 'ಗೆಳತಿ', 'ಯವ್ವಾ' ಮೊದಲಾದ ಸಂಬೋಧನೆಗಳನ್ನು ಪ್ರಾಸಪೂರಣಕ್ಕೆಂದು ತಳ್ಳಿಹಾಕುವುದು ಸರಿಯಲ್ಲ. ಅವು ಎದುರಿಗೆ ಒಬ್ಬಳು ನಿಜವಾಗಿ ಕುಳಿತಿದ್ದಳೆಂಬುದಕ್ಕೆ ಉಳಿದುಬಂದ ಸಾಕ್ಷ್ಯ.

ಗಂಡಸರ ಹಾಡುಗಳಲ್ಲಿಯೂ ಸ್ಥಿತಿ ತೀರ ಬೇರೆಯಲ್ಲ. ಕಣದಲ್ಲಿ ರಾತ್ರಿ ಹಂತಿ ಹೊಡೆಯುವಾಗ ಒಬ್ಬನು ಎತ್ತಿದ ಪದಕ್ಕೆ ಉಳಿದವರು ದನಿಗೂಡಿಸುವರು. ಹರದೇಶಿ-ನಾಗೇಶಿ ಮೇಳಗಳಲ್ಲಿ ವಾದ-ಪ್ರತಿವಾದವೇ ಹಾಡಿನ ಪ್ರಾಣ. ಲಾವಣಿಯಂತೂ ಸಂತೆ-ಚಾವಡಿಗಳ ಮಾತಿನ ಕೂಸು. 1857ರ ನವೆಂಬರಿನಲ್ಲಿ ನಿಶ್ಶಸ್ತ್ರೀಕರಣದ ಕಾಯದೆಯನ್ನು ಪ್ರತಿಭಟಿಸಿದ ಹಲಗಲಿಯ ಬೇಡರನ್ನು ಕುರಿತ ಲಾವಣಿಯಲ್ಲಿ ಕುರ್ತಕೋಟಿಯ ಕಲ್ಮೇಶನ ಅಂಕಿತವಿದೆ. ಹಲಗಲಿ ಮುಧೋಳದ ಕಡೆಯದು. ಕುರ್ತಕೋಟಿ ಗದಗಿನ ಹತ್ತಿರದ್ದು. ನಡುವೆ ಮಲಪ್ರಭೆ ಇದೆ. ಆ ದಂಗೆಯ ವಾರ್ತೆಯು ಬಾಯಿಂದ ಬಾಯಿಗೆ ದಾಟಿ, ದಾರಿಯಲ್ಲಿಯೇ ಅರ್ಧ ಕಥೆಯಾಗಿ ಬಂದಿರಬೇಕು. ಅಂಕಿತವೂ ದೈವದ್ದೇ ಹೊರತು ಕವಿಯದಲ್ಲ.

ಈ ಲಾವಣಿಯನ್ನು ಉಳಿಸಿಕೊಟ್ಟವನು ಜೆ. ಎಫ್. ಫ್ಲೀಟ್. ಅವನು 1885ರಿಂದ ಮೊದಲ್ಗೊಂಡು 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಬೈಲಹೊಂಗಲದ ಸಂಗ್ಯಾನ ಕಥೆಯೂ ಒಂದು. ಅವನು ಕೊಟ್ಟ ಶೀರ್ಷಿಕೆಯಲ್ಲಿ ಸಂಗ್ಯಾನ ಅಪರಾಧವೂ ಮರಣವೂ ಇವೆ, ಹೆಸರು ಒಂದೇ. ಅದೇ ಕಥೆ ಸಣ್ಣಾಟವಾಗಿ ನಮ್ಮ ಹಳ್ಳಿಗಳಲ್ಲಿ ನಡೆದಾಗ ಅದಕ್ಕೆ 'ಸಂಗ್ಯಾ-ಬಾಳ್ಯಾ' ಎಂದು ಇಬ್ಬರು ಗೆಳೆಯರ ಹೆಸರು. ನ್ಯಾಯಾಧಿಕಾರಿಯ ಕಣ್ಣಿಗೆ ಅಪರಾಧಿಯೊಬ್ಬನು ಕಂಡನು. ಜನರ ಕಣ್ಣಿಗೆ ಗೆಳೆತನ ಮತ್ತು ಅದರ ಭಂಗವು ಕಂಡವು.

ಫ್ಲೀಟನಿಗಿಂತ ತೀರ ಭಿನ್ನವಾದ ಮಾರ್ಗ ಹಲಸಂಗಿಯ ಗೆಳೆಯರದು. ಆಗ ಇಂಡಿ ತಾಲೂಕಿಗೆ ಸೇರಿದ್ದ ಆ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಇವರು ಒಟ್ಟುಗೂಡಿದ್ದು ಯಾವ ಸಂಸ್ಥೆಯ ಆಶ್ರಯದಲ್ಲಿಯೂ ಅಲ್ಲ, ಬರಿಯ ಸ್ನೇಹದಿಂದ. ತಮ್ಮ ಮನೆ-ಊರುಗಳ ಹೆಣ್ಣುಮಕ್ಕಳ ಬಾಯಿಂದ ಕೇಳಿದ್ದನ್ನು ಅವರು 1931ರಲ್ಲಿ 'ಗರತಿಯ ಹಾಡು' ಎಂದು ಪ್ರಕಟಿಸಿದರು. 'ಜೀವನ ಸಂಗೀತ' 1933ರಲ್ಲಿಯೂ 'ಮಲ್ಲಿಗೆ ದಂಡೆ' 1935ರಲ್ಲಿಯೂ ಹೊರಬಂದವು. ಪರಕೀಯನಿಗೆ ಹೇಳದ ಹಾಡನ್ನು ಊರಿನ ಮಗನಿಗೆ ಹೇಳುವರೆಂಬುದನ್ನು ಯಾವ ಸಂಶೋಧನವಿಧಾನದ ಗ್ರಂಥವೂ ಇಷ್ಟು ಚೆನ್ನಾಗಿ ಕಲಿಸದು. ಇದೇ ಕಾಲದಲ್ಲಿ ಧಾರವಾಡದಲ್ಲಿ ಬೇಂದ್ರೆಯವರ ಗೆಳೆಯರ ಗುಂಪು ಇದ್ದಿತೆಂಬುದನ್ನೂ ಇಲ್ಲಿ ನೆನೆಯಬಹುದು.

ಆದರೂ ಮುದ್ರಣವು ಒಂದು ನಷ್ಟವನ್ನುಂಟುಮಾಡಿತು. ಹಲಸಂಗಿಯವರನ್ನಷ್ಟೇ ಕುರಿತು ಹೇಳುವ ಮಾತಲ್ಲ ಇದು. ನಮ್ಮ ಜನಪದ ಸಂಕಲನಗಳಿಗೆಲ್ಲ ಸಾಮಾನ್ಯವಾಗಿ ಅನ್ವಯಿಸುವಂಥದು. ತವರು, ತಾಯಿ, ಅಣ್ಣ, ದೇವರು ಎಂದು ವಿಷಯ ವಿಂಗಡಿಸಿ ತ್ರಿಪದಿಗಳನ್ನು ಜೋಡಿಸಿದಾಗ ಯಾವುದು ಕೇಳಿದವಳ ನುಡಿ, ಯಾವುದು ಉತ್ತರ ಕೊಟ್ಟವಳದು ಎಂಬುದು ಅಳಿಸಿಹೋಗುತ್ತದೆ. ಒಬ್ಬಳ ದೂರಿಗೆ ಇನ್ನೊಬ್ಬಳು ಹೇಳಿದ ಸಮಾಧಾನವು ಪುಸ್ತಕದಲ್ಲಿ ಹತ್ತು ಪುಟ ಮುಂದೆ 'ತಾಳ್ಮೆ' ಎಂಬ ವಿಭಾಗದಲ್ಲಿ ಬಿದ್ದಿರಬಹುದು. ಅದನ್ನೋದಿ ನಾವು ಕನ್ನಡದ ಗರತಿಯು ಸಹನಾಮೂರ್ತಿಯಾಗಿದ್ದಳೆಂದು ಸಾಮಾಜಿಕ ಇತಿಹಾಸವನ್ನು ಬರೆದುಬಿಡುತ್ತೇವೆ. ಜಗಳದ ಒಂದೇ ಪಕ್ಷವನ್ನು ಕೇಳಿ ಬರೆದ ತೀರ್ಪಿನಂತೆ ಇದು ಅಪೂರ್ಣವಾದದ್ದು.

ಗಿರಣಿಗಳು ಊರೂರಿಗೆ ಬಂದ ಮೇಲೆ ಬೀಸುಕಲ್ಲು ಮೂಲೆ ಸೇರಿತು. ಹೆಣ್ಣುಮಕ್ಕಳ ಮೈಬೇನೆ ಕಡಿಮೆಯಾಯಿತೆಂಬುದನ್ನು ಮರೆತು ಇದಕ್ಕಾಗಿ ಮರುಗುವುದು ಪಂಡಿತರ ಸ್ವಾರ್ಥವಾದೀತು. ಆದರೆ ಕಲ್ಲಿಗೆ ಕುಳಿತು ಹಾಡಿದವರು ಈಗ ಮುಪ್ಪಿನವರು, ಎಣಿಕೆಯವರು. ಅವರಲ್ಲಿಗೆ ಧ್ವನಿಮುದ್ರಣಕ್ಕೆ ಹೋಗುವವರು ಬಹುಮಟ್ಟಿಗೆ ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕೂರಿಸಿ, ಸದ್ದು ಬೇಡವೆಂದು ಉಳಿದವರನ್ನು ಹೊರಗೆ ಕಳಿಸಿ, ಹಾಡಿಸಿಕೊಳ್ಳುವರು. ಒಂಟಿಯಾಗಿ ಕುಳಿತ ಮುದುಕಿಯು ನಾಲ್ಕು ನುಡಿ ಹೇಳಿ 'ಮರ್ತೈತಿ' ಎನ್ನುವುದು ಸಹಜ. ಮುಂದೆ ಮುಂಡರಗಿ-ಹಡಗಲಿ ಸೀಮೆಯಲ್ಲಿ ಈ ಕೆಲಸ ನಡೆದಾಗ ಹಿಂದೆ ಕೂಡಿ ಬೀಸಿದ ಇಬ್ಬರನ್ನು, ಸಾಧ್ಯವಿದ್ದಲ್ಲಿ ಹೊಳೆಯ ಎರಡೂ ದಂಡೆಯ ತವರಿನವರನ್ನು, ಒಂದೇ ಜಗಲಿಯ ಮೇಲೆ ಕೂರಿಸಬೇಕು. ಹಾಡಿನ ನಡುವಣ ಮಾತು, ನಗೆ, ತಿದ್ದುಪಡಿಗಳನ್ನು ಕತ್ತರಿಸದೆ ಇಡಬೇಕು. ಪ್ರತಿ ನುಡಿಯ ಎದುರಿಗೆ ಎತ್ತಿದವಳ ಜೊತೆಗೆ ತೆಗೆದುಕೊಂಡವಳ ತವರೂರನ್ನೂ ಬರೆದಿಡಬೇಕು.