ಹೊಲಿದ ಹಡಗು, ಅಂಟಿಸಿದ ದೋಣಿ (ಭಾಗ 4)

ಫೋಟೋದಲ್ಲಿರೋದು ರವೀಂದ್ರನಗರದ ನಮ್ಮನೆ ಡ್ರಾಯರ್‌ನಲ್ಲಿ ಸಿಕ್ಕ ಎರಡು ಟ್ಯೂಬ್. ಒಂದು ರೆಸಿನ್, ಇನ್ನೊಂದು ಹಾರ್ಡನರ್. ಬಕೆಟ್ ಹಿಡಿ ಮುರಿದ್ರೆ, ಕುರ್ಚಿ ಕಾಲು ಅಲ್ಲಾಡಿದ್ರೆ ನಿಮ್ಮನೇಲೂ ಇದೇ ಹೊರಗೆ ಬರುತ್ತೆ ಅಲ್ವಾ? ಇದೇ ಜಾತಿಯ ಅಂಟನ್ನು ನಂಬಿ ಒಬ್ಬರೇ ಭೂಮಿ ಸುತ್ತಿ ಬಂದಿದ್ದಾರೆ ಮಾರಾಯ್ರೆ!

ಮೊದಲು ನಮ್ಮ ನದಿಯಿಂದಲೇ ಶುರು ಮಾಡೋಣ. ಕೂಡ್ಲಿಯಲ್ಲಿ ತುಂಗೆ, ಭದ್ರೆ ಸೇರಿ ಮುಂದೆ ಆನೆಗೊಂದಿಗೆ ಹೋಗ್ತಾಳೆ. 1520ರ ಸುಮಾರಿಗೆ ಅಲ್ಲಿಗೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೋ ಪಾಯಸ್, ಬುಟ್ಟಿಯಂತೆ ಗುಂಡಗಿರೋ ದೋಣಿಗಳ ಬಗ್ಗೆ ಬರೆದಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ, 15–20 ಜನ ಕೂರಬಹುದು. ನಮ್ಮ ಹರಿಗೋಲು! ಅಲ್ಲಿ ನೀರು ತಡೆಯೋದು ಚರ್ಮ. ಹಲಗೆ ದೋಣಿಗೆ ಕಷ್ಟ ಜಾಸ್ತಿ. ಮರ ನೀರು ಕುಡಿದು ಉಬ್ಬುತ್ತೆ, ಬಿಸಿಲಿಗೆ ಕುಗ್ಗುತ್ತೆ, ಸಂದು ಬಾಯಿ ಬಿಡುತ್ತೆ.

ಹೈಸ್ಕೂಲಿನಲ್ಲಿ ಬಿಳಿ ಗೋಂದು ಹಚ್ಚಿ ನಾನು ಮಾಡಿದ ದೋಣಿ ಎಕ್ಸಿಬಿಷನ್ ದಿನ ಟಬ್‌ನಲ್ಲೇ ಪೀಸ್ ಪೀಸ್ ಆಗಿತ್ತು. ನೋಡಿದವರು ದಯವಿಟ್ಟು ಕಾಮೆಂಟ್ ಮಾಡಬೇಡಿ.

ಎಪಾಕ್ಸಿ ಹುಟ್ಟಿದ್ದು 1930–40ರ ದಶಕಗಳಲ್ಲಿ. ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ಟನ್, ಅಮೆರಿಕದ ಸಿಲ್ವನ್ ಗ್ರೀನ್‌ಲೀ ಬೇರೆ ಬೇರೆಯಾಗಿ ಅದರ ಮೇಲೆ ಕೆಲಸ ಮಾಡಿದ್ರು. ಇದು ಗೋಂದಿನ ಹಾಗೆ ಒಣಗಲ್ಲ. ಎರಡೂ ಸೇರಿದಾಗ ರಾಸಾಯನಿಕ ಕ್ರಿಯೆ ನಡೆದು, ಬಿಸಿಯಾಗಿ, ಗಟ್ಟಿಯಾಗುತ್ತೆ. ಹಾಗಾಗಿ ಅಳತೆ ತಪ್ಪಬಾರದು. ಹಾರ್ಡನರ್ ಜಾಸ್ತಿ ಹಾಕಿದ್ರೆ ಬೇಗ ಗಟ್ಟಿಯಾಗಲ್ಲ, ಕೆಲಸ ಕೆಡುತ್ತೆ. ಅಮೆರಿಕದ ಮಿಷಿಗನ್‌ನ ಗೂಜನ್ ಸಹೋದರರು 1960ರ ದಶಕದ ಕೊನೆಗೆ ಇದನ್ನು ಅಂಟಾಗಿ ಅಷ್ಟೇ ಅಲ್ಲ, ಮರಕ್ಕೆ ಎಲ್ಲಾ ಕಡೆ ಬಳಿಯೋ ಹೊದಿಕೆಯಾಗಿಯೂ ಬಳಸಿದ್ರು. ತೇವ ಒಳಗೆ ಹೋಗದಿದ್ರೆ ಮರ ಉಬ್ಬೋದೆಲ್ಲಿ? ಒಂದೇ ತೊಂದರೆ ಅಂದ್ರೆ ಬಿಸಿಲು ಎಪಾಕ್ಸಿಯನ್ನು ಹಾಳು ಮಾಡುತ್ತೆ, ಮೇಲೆ ಪೇಂಟ್ ಅಥವಾ ವಾರ್ನಿಷ್ ಬೇಕೇ ಬೇಕು. ಗ್ಲೌಸ್ ಇಲ್ಲದೆ ಮುಟ್ಟಲೂ ಬೇಡಿ, ಚರ್ಮಕ್ಕೆ ಅಲರ್ಜಿ ಆಗುತ್ತೆ.

ಈಗ ಗೋವಾಕ್ಕೆ ಬನ್ನಿ. ನೌಕಾಪಡೆಗಾಗಿ ಅಲ್ಲಿ ಕಟ್ಟಿದ ‘ಮ್ಹಾದೇಯಿ’ 56 ಅಡಿಯ ಹಾಯಿದೋಣಿ. ಸೀಡರ್ ಮರದ ಪಟ್ಟಿ, ಎಪಾಕ್ಸಿ, ಗ್ಲಾಸ್ ಫೈಬರ್. ಹೆಸರು ನಮ್ಮ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟೋ ಮಹದಾಯಿಯದ್ದೇ. ಇದರಲ್ಲೇ ದಿಲೀಪ್ ದೋಂಡೆ 2010ರ ಮೇನಲ್ಲಿ ಏಕಾಂಗಿ ಪ್ರದಕ್ಷಿಣೆ ಮುಗಿಸಿದ್ರು, ಭಾರತೀಯರಲ್ಲಿ ಮೊದಲಿಗರು. 2013ರಲ್ಲಿ ಅಭಿಲಾಷ್ ಟಾಮಿ ಎಲ್ಲೂ ನಿಲ್ಲಿಸದೆ ಸುತ್ತಿ ಬಂದ್ರು.

ಆದ್ರೆ ನನ್ನ ಮನಸ್ಸು ಹೋಗೋದು ‘ಕೌಂಡಿನ್ಯ’ದ ಕಡೆಗೆ. ಅದೂ ಗೋವಾದಲ್ಲೇ ಕಟ್ಟಿದ್ದು, ಆದ್ರೆ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದಿದ್ದಾರೆ. ಸಂದಿಗೆ ನಾರು, ಮರದ ರಾಳ. ಕೇರಳದ ಬಾಬು ಶಂಕರನ್ ಮುಖ್ಯ ಕುಶಲಕರ್ಮಿ. ಹಳೇ ನಕ್ಷೆ ಯಾವುದೂ ಉಳಿದಿರಲಿಲ್ಲ, ಅಜಂತಾದ ಒಂದು ಚಿತ್ರವೇ ಆಧಾರ. ಎಪಾಕ್ಸಿ ಡಬ್ಬದ ಮೇಲೆ ಅಳತೆ ಬರೆದಿರುತ್ತೆ, ಯಾರು ಬೇಕಾದ್ರೂ ಕಲೀಬಹುದು. ಹೊಲಿಗೆ ಇರೋದು ಕೈಯಲ್ಲಿ. ಕೈಗಳು ಕಡಿಮೆಯಾಗ್ತಿವೆ. ಅಲೆ ಹೊಡೆದಾಗ ಹೊಲಿದ ಮೈ ಸ್ವಲ್ಪ ಬಾಗುತ್ತೆ, ಅಂಟಿಸಿದ್ದು ಬಿಗಿಯಾಗಿ ನಿಲ್ಲುತ್ತೆ. ಎರಡಕ್ಕೂ ಅದರದೇ ಬುದ್ಧಿ ಇದೆ.

2025ರ ಮೇ 21ರಂದು ನಮ್ಮ ಕಾರವಾರದಲ್ಲೇ ಅದು ನೌಕಾಪಡೆ ಸೇರಿತು. ಡಿಸೆಂಬರ್‌ನಲ್ಲಿ ಪೋರಬಂದರದಿಂದ ಮಸ್ಕತ್ ಕಡೆ ಹೊರಟಿತು. ಹಾಯಿ ಮೇಲೆ ಏನಿದೆ ಗೊತ್ತಾ? ಗಂಡಭೇರುಂಡ! ಹೌದು, ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 1047ರ ಕಂಬದ ಮೇಲಿರೋ ಅದೇ ಹಕ್ಕಿ. ಆ ಕಂಬದ ಒಳ್ಳೇ ಫೋಟೋ ಇದ್ದವರು ಕಳಿಸಿ, ಭಾಗ 5 ಅಲ್ಲಿಂದಲೇ ಶುರು.

#ಶಿವಮೊಗ್ಗ #ದೋಣಿಕಥೆ