ಜ್ಞಾನಸ್ನಾನದ ದಫ್ತರಗಳು ಮತ್ತು ಕರಾವಳಿಯ ವಂಶಚರಿತ್ರೆ

ಕನ್ನಡ ನಾಡಿನ ವಂಶಾವಳಿಗಳನ್ನು ಉಳಿಸಿಕೊಟ್ಟವರು ಬಹುಮಟ್ಟಿಗೆ ಶಾಸನಕವಿಗಳು ಮತ್ತು ಹೆಳವರು. ದಾನಶಾಸನಗಳಲ್ಲಿ ಅರಸರ, ಶ್ರೇಷ್ಠಿಗಳ ಪೀಳಿಗೆ ಸಿಗುತ್ತದೆ. ಜೈನ ನಿಸಿದಿಗಲ್ಲುಗಳಲ್ಲಿ ಸಮಾಧಿಮರಣ ಪಡೆದವರ ಹೆಸರು, ಗುರುಪರಂಪರೆ ಸಿಗುತ್ತವೆ. ಜಾತಕ ಬರೆಯಿಸಬಲ್ಲ ಮನೆಗಳನ್ನು ಬಿಟ್ಟರೆ, ಸಾಮಾನ್ಯರ ಮಗುವೊಂದರ ಹುಟ್ಟನ್ನು ತಾಯಿಯ ಹೆಸರಿನೊಡನೆ ಬರೆದಿಡುವ ರೂಢಿ ವಿರಳ. ಹಿರೇಗುತ್ತಿಯಿಂದ ದಕ್ಷಿಣಕ್ಕೆ ಕುಮಟಾ, ಚಂದಾವರ, ಹೊನ್ನಾವರಗಳ ಕಥೋಲಿಕ ಕುಟುಂಬಗಳ ವಿಷಯದಲ್ಲಿ ಮಾತ್ರ ಸಂಶೋಧಕನಿಗೆ ಅಂಥದೊಂದು ಆಕರವಿದೆ: ಚರ್ಚಿನ ದಫ್ತರ.

1563ರಲ್ಲಿ ಟ್ರೆಂಟ್ ಮಹಾಸಭೆಯು ಜ್ಞಾನಸ್ನಾನ ಮತ್ತು ವಿವಾಹಗಳ ದಾಖಲೆಯನ್ನು ಕಡ್ಡಾಯಗೊಳಿಸಿತು. 1614ರ ರೋಮನ್ ವಿಧಿಗ್ರಂಥ ಮರಣದ ದಾಖಲೆಯನ್ನೂ ಸೇರಿಸಿತು. ಗೋವೆಯಿಂದ ತೆಂಕಣಕ್ಕೆ ವಲಸೆ ಬಂದ ಕೊಂಕಣಿ ಕ್ರೈಸ್ತರೊಡನೆ ಈ ಪದ್ಧತಿಯೂ ಬಂದಿತು.

ಇಲ್ಲಿ ಮೊದಲು ದಾರಿ ತಪ್ಪಿಸುವುದು ಅಡ್ಡಹೆಸರು. ಮತಾಂತರದ ಕಾಲದಲ್ಲಿ ಅನೇಕರು ಪೋರ್ಚುಗೀಸ್ ಪಾದ್ರಿಯ ಅಥವಾ ಜ್ಞಾನಪಿತನ ಕುಲನಾಮವನ್ನೇ ಪಡೆದರು. ಆದ್ದರಿಂದ ಇಬ್ಬರು ಡಿಸೋಜರು ದಾಯಾದಿಗಳೆಂದು ಊಹಿಸುವುದು ಸಲ್ಲ; ಒಂದೇ ಮೂಲದ ಎರಡು ಕವಲುಗಳು ಬೇರೆ ಬೇರೆ ಹೆಸರು ಹೊತ್ತಿರುವುದೂ ಅಸಂಭವವಲ್ಲ. ಹೆಸರಿಗಿಂತ ಊರು, ಜ್ಞಾನಸ್ನಾನಕ್ಕೆ ನಿಂತ ಸಾಕ್ಷಿಗಳು, ತಾಯಿಯ ತವರು ಇವುಗಳ ಮೇಲೆಯೇ ಭಾರ ಹಾಕಬೇಕು.

ಅದಕ್ಕಿಂತ ಬೆಲೆಯುಳ್ಳದ್ದು ವಿವಾಹದ ದಫ್ತರ. ಕಥೋಲಿಕ ನಿಯಮದಂತೆ ಹತ್ತಿರದ ರಕ್ತಸಂಬಂಧಿಗಳ ಮದುವೆಗೆ ವಿಶೇಷ ಅನುಮತಿ ಬೇಕು. 1215ರಿಂದ ಈ ನಿಷೇಧ ನಾಲ್ಕನೆಯ ತಲೆಯವರೆಗೆ ಹಬ್ಬಿತ್ತು. ಸೋದರಿಕೆಯನ್ನು ಮೆಚ್ಚುವ ನಾಡಿನಲ್ಲಿ ಪಾದ್ರಿಗಳಿಗೆ ಇದೊಂದು ತೊಡಕೇ ಆಗಿರಬೇಕು. ಆದರೆ ಅನುಮತಿ ಕೊಟ್ಟ ಕಾರಣವನ್ನು ನಮೂದಿಸಿದ ಕಡೆ ವಧೂವರರ ಸಮಾನ ಪೂರ್ವಜ ಎಷ್ಟು ತಲೆ ಹಿಂದಿನವನೆಂಬುದು ತಾನಾಗಿ ತಿಳಿಯುತ್ತದೆ. ಗಂಡಸರ ಸಾಲನ್ನೇ ಹಿಡಿದು ಸಾಗುವ ವಂಶಾವಳಿಗಳು ಹೇಳದ ಹೆಣ್ಣುಮಕ್ಕಳ ಕೊಂಡಿ ಇಲ್ಲಿ ಸಿಗುತ್ತದೆ.

1784ರಲ್ಲಿ ಟಿಪ್ಪು ಸುಲ್ತಾನನು ಕನ್ನಡ ಜಿಲ್ಲೆಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದಾಗ ಹಲವು ಚರ್ಚುಗಳು ನಾಶವಾದವು. 1799ರ ಅನಂತರ ಬದುಕುಳಿದವರು ಮರಳಿದರು. ಹೀಗಾಗಿ ದಫ್ತರವೊಂದು ಆರಂಭವಾಗುವ ವರ್ಷವನ್ನೇ ಕುಟುಂಬವು ಆ ಊರಿಗೆ ಬಂದ ವರ್ಷವೆಂದು ಬಗೆಯುವುದು ಅವಸರದ ತೀರ್ಮಾನ.

ಆಡಳಿತದ ಬದಲಾವಣೆಗಳನ್ನೂ ಗಮನಿಸಬೇಕು. ಕಾರವಾರ ಧರ್ಮಪ್ರಾಂತ್ಯ ರೂಪುಗೊಂಡದ್ದು 1976ರಲ್ಲಿ. ಅದಕ್ಕೆ ಮೊದಲು ಈ ಪ್ರದೇಶ 1953ರಲ್ಲಿ ಸ್ಥಾಪಿತವಾದ ಬೆಳಗಾವಿಗೆ, ಅದಕ್ಕೂ ಹಿಂದೆ ಗೋವೆಗೆ ಸೇರಿತ್ತು. ಸ್ಥಳೀಯ ಚರ್ಚಿನಲ್ಲಿ ಎಳೆ ಕಡಿದಲ್ಲಿ ಪಣಜಿಯ ಪತ್ರಾಗಾರದಲ್ಲಿರುವ ಬಾರ್ದೇಶ, ಸಾಷ್ಟಿಗಳ ಹಳೆಯ ದಫ್ತರಗಳ ಕಡೆಗೆ ಹೊರಳಬೇಕಾಗುತ್ತದೆ. ಅಲ್ಲಿಗೆ ಹೋಗುವವನು ಪೋರ್ಚುಗೀಸಿನ 'ನತುರಾಲ್' ಎಂಬ ಪದವನ್ನಾದರೂ ಗುರುತಿಸಲು ಕಲಿತಿರಬೇಕು; ಅದರ ಮುಂದೆ ಬರೆದಿರುವುದು ಆ ವ್ಯಕ್ತಿ ಹುಟ್ಟಿದ ಊರು.