ಅಧಿಕಾರಸ್ಥರ ಕುಟುಂಬಗಳ ಗೃಹಭದ್ರತೆ: ಬೆಂಗಳೂರಿನ ಹೊರವಲಯ

ಸಾರ್ವಜನಿಕ ಅಧಿಕಾರವನ್ನು ವಹಿಸಿದವರ ಕುಟುಂಬಕ್ಕೂ ನಿವಾಸಕ್ಕೂ ಆ ಅಧಿಕಾರದ ನಿಮಿತ್ತವಾಗಿಯೇ ಒದಗಬಹುದಾದ ಅಪಾಯವನ್ನು ನಿವಾರಿಸಲು ರಾಜ್ಯವೂ ಸಮಾಜವೂ ಕೈಗೊಳ್ಳುವ ವ್ಯವಸ್ಥೆ.

ಪೂರ್ವೇತಿಹಾಸ: ಇಂದಿನ ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಬೇಗೂರಿನಲ್ಲಿರುವ, ಸುಮಾರು ಕ್ರಿ.ಶ. 890ರ ಶಾಸನವು ಗಂಗರ ಅಧಿಕಾರಿ ನಾಗತ್ತರನ ಮಗ ಬುಟ್ಟಣಸೆಟ್ಟಿ ಬೆಂಗಳೂರಿನ ಕಾಳಗದಲ್ಲಿ ಮಡಿದನೆಂದು ತಿಳಿಸುವುದರಿಂದ, ತಂದೆಯ ಪದವಿಯ ಭಾರವನ್ನು ಮಕ್ಕಳೂ ಹೊರಬೇಕಾಗಿದ್ದ ಸಂಗತಿ ಈ ನೆಲದಲ್ಲಿ ಬಹು ಪ್ರಾಚೀನವೆಂಬುದು ವ್ಯಕ್ತವಾಗುತ್ತದೆ. ಹೊಯ್ಸಳರ ಕಾಲದ ಗರುಡರೆಂಬ ಅಂಗರಕ್ಷಕರು ಪ್ರಾಣವನ್ನೇ ಪಣವಾಗಿಟ್ಟು ಕೈಗೊಂಡ ರಕ್ಷಣಾವ್ರತವಾದರೋ ಒಡೆಯನಿಗೆ ಮೀಸಲಾದುದು.

ಕಾನೂನು: 1860ರ ಭಾರತೀಯ ದಂಡಸಂಹಿತೆಯ 189ನೆಯ ಕಲಂ, ಅಧಿಕಾರಿಯನ್ನು ಮಾತ್ರವಲ್ಲದೆ ಆತನಿಗೆ ಬೇಕಾದವರನ್ನು ಹಾನಿಗೀಡುಮಾಡುವುದಾಗಿ ಬೆದರಿಸಿ ಆತನ ಕರ್ತವ್ಯವನ್ನು ತಪ್ಪಿಸಲೆಳಸುವುದನ್ನೂ ಅಪರಾಧವೆಂದೆಣಿಸಿ, ಎರಡು ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸಿತು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 224ನೆಯ ಕಲಮಿನಲ್ಲಿಯೂ ಇದೇ ತತ್ತ್ವವಿದೆ. ಆದರೆ ದಂಡನೆ ಅಪರಾಧದ ತರುವಾಯ ಬರತಕ್ಕದ್ದು. ಕಾವಲು ಅದಕ್ಕೆ ಮುಂಚೆಯೇ ಇರತಕ್ಕದ್ದು.

ದುರಂತಗಳು ಕಲಿಸಿದ ಪಾಠ: 1991ರ ಮೇ 21ರಂದು ರಾಜೀವ್ ಗಾಂಧಿಯವರ ಹತ್ಯೆಯಾದ ಮೇಲೆ, 1988ರ ವಿಶೇಷ ರಕ್ಷಣಾ ದಳದ ಅಧಿನಿಯಮವನ್ನು ತಿದ್ದಿ ಮಾಜಿ ಪ್ರಧಾನಿಗಳನ್ನೂ ಅವರ ಕುಟುಂಬವನ್ನೂ ರಕ್ಷಣೆಯ ಪರಿಧಿಗೆ ತರಲಾಯಿತು, ಆ ಪರಿಧಿಯನ್ನು 2019ರಲ್ಲಿ ಮತ್ತೆ ಕಿರಿದುಗೊಳಿಸಲಾಯಿತು. ಆ ಹತ್ಯೆಯ ಸಂಚುಕೋರ ಶಿವರಾಸನ್ ಮತ್ತು ಸಂಗಡಿಗರು ಆಗ ನಗರದ ಅಂಚಿನಲ್ಲಿದ್ದ ಕೋಣನಕುಂಟೆಯ ಮನೆಯೊಂದರಲ್ಲಿ ಅಡಗಿದ್ದು, 1991ರ ಆಗಸ್ಟ್ 20ರಂದು ಅಲ್ಲಿಯೇ ಸತ್ತುದು, ಬೆಳೆಯುತ್ತಿರುವ ಹೊರವಲಯದಲ್ಲಿ ಅಪರಿಚಿತರು ಎಷ್ಟು ಸುಲಭವಾಗಿ ನೆಲಸಬಲ್ಲರೆಂಬುದನ್ನು ತೋರಿಸಿತು. 2002ರ ಆಗಸ್ಟ್ 25ರಂದು ಮಾಜಿ ಸಚಿವ ಎಚ್. ನಾಗಪ್ಪನವರನ್ನು ಕಾಮಗೆರೆಯ ಮನೆಯಿಂದ ಕಾಡುಗಳ್ಳ ವೀರಪ್ಪನ್ ಅಪಹರಿಸಿದ ಮೇಲೆ, ಡಿಸೆಂಬರಿನಲ್ಲಿ ಅವರ ಶವ ಅರಣ್ಯದಲ್ಲಿ ದೊರೆತಾಗ, ಪದವಿ ಕಳೆದರೂ ಅಪಾಯ ಕಳೆಯದೆಂಬುದು ನಾಡಿಗೆ ಮನವರಿಕೆಯಾಯಿತು.

ಕೈಗಾರಿಕಾ ವಲಯ: 2008ರ ಮುಂಬಯಿ ದಾಳಿಯ ಬಳಿಕ, ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯ ಅಧಿನಿಯಮಕ್ಕೆ 2009ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಎಲೆಕ್ಟ್ರಾನಿಕ್ ಸಿಟಿಯ ಇನ್ಫೋಸಿಸ್ ಆವರಣಕ್ಕೆ ಆ ಪಡೆಯ ಕಾವಲು ಬಂದಿತು. ಅಧಿಕಾರಿಗಳ ಕುಟುಂಬಗಳೂ ನೆಲಸುವ ವಸತಿ ಸಮುಚ್ಚಯಗಳಿಗೆ ಸೆಕ್ಯುರಿಟಿ ಗಾರ್ಡುಗಳನ್ನು ಒದಗಿಸುವ ಸಂಸ್ಥೆಗಳು 2005ರ ಖಾಸಗಿ ಭದ್ರತಾ ಸಂಸ್ಥೆಗಳ ಅಧಿನಿಯಮಕ್ಕೆ ಒಳಪಟ್ಟಿವೆ. ಜನಸಂದಣಿಯ ಸ್ಥಳಗಳಲ್ಲಿ ಸಿಸಿಟಿವಿ ಇಟ್ಟು ದೃಶ್ಯಗಳನ್ನು 30 ದಿನ ಕಾಪಿಡಬೇಕೆಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಅಧಿನಿಯಮ ವಿಧಿಸಿತು.

ಇಂದಿನ ಸ್ಥಿತಿ: 2022ರ ಮಾರ್ಚ್‌ನಲ್ಲಿ ಹಿಜಾಬ್ ಪ್ರಕರಣದ ತೀರ್ಪಿತ್ತ ಕರ್ನಾಟಕ ಉಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳಿಗೆ, ಬೆದರಿಕೆಯ ಕಾರಣದಿಂದ, ರಾಜ್ಯ ಸರ್ಕಾರ ‘ವೈ’ ವರ್ಗದ ಭದ್ರತೆಯನ್ನು ಘೋಷಿಸಿತು. ಗನ್‌ಮ್ಯಾನ್ ಮತ್ತು ಬೆಂಗಾವಲುಗಳ ಈ ಏರ್ಪಾಡು ಅಪಾಯದ ಪರಿಶೀಲನೆಯನ್ನು ಅವಲಂಬಿಸಿದುದಾದಕಾರಣ, ಒತ್ತುವರಿ ತೆರವುಗೊಳಿಸುವ ಕಂದಾಯ ನಿರೀಕ್ಷಕನ ಅಥವಾ ಕಾರ್ಖಾನೆಯ ತ್ಯಾಜ್ಯವನ್ನು ಪರೀಕ್ಷಿಸುವ ಪರಿಸರಾಧಿಕಾರಿಯ ಮನೆಯವರಿಗೆ ಸಾಮಾನ್ಯವಾಗಿ ನೆರೆಹೊರೆಯೂ, ಬೀಟ್ ಪೊಲೀಸರೂ, 112 ಸಂಖ್ಯೆಯ ದೂರವಾಣಿಯೂ ಆಸರೆ. ಪೀಣ್ಯ, ವೈಟ್‌ಫೀಲ್ಡ್‌ಗಳಂಥ ಕಡೆ ಪ್ರಬಲರ ಹಿತಕ್ಕೆದುರಾಗಿ ಕಾನೂನನ್ನು ನಡೆಸುವ ಕಿರಿಯ ಅಧಿಕಾರಿಯ ಮಕ್ಕಳು ನಿರ್ಭಯರಾಗಿ ಶಾಲೆಗೆ ಹೋಗಿಬರುವಂತಿರಬೇಕಾದುದು ಆ ಕುಟುಂಬಕ್ಕೆ ತೋರುವ ಅನುಗ್ರಹವಲ್ಲ, ನಿಷ್ಪಕ್ಷಪಾತವಾದ ಆಡಳಿತದ ಮೊದಲ ಅಗತ್ಯ.